ತೊರೆಯಾಚೆಯ ಆರ್ನೋ

ಆರ್ನೋ ಕ್ಲೈನಿಗ್‌ನನ್ನೇ ಮದುವೆಯಾಗುವುದು ಎಂದು ನಾನು ತೀರ್ಮಾನಿಸಿದ್ದು ಹದಿನಾರನೆಯ ವಯಸ್ಸಿನಲ್ಲಿ, ದ್ರಾಕ್ಷಿ ಕೊಯ್ಲಿನ ಕಾಲದಲ್ಲಿ. ಅವನಿಗೆ ಅದು ತಿಳಿಯುವುದಕ್ಕೆ ಇನ್ನೂ ಎರಡು ವರ್ಷ ಹಿಡಿಯಿತು.

ನಮ್ಮ ತೋಟ ತೊರೆಯ ಈಚೆ, ಅವರದು ಆಚೆ. ಬೇಸಿಗೆಯಲ್ಲಿ ತೊರೆ ಒಣಗಿ ಬರೀ ಕಲ್ಲು ಉಳಿಯುತ್ತಿತ್ತು. ಆಗ ಎರಡು ಮನೆಯ ಕೋಳಿಗಳೂ ಒಂದಾಗಿಬಿಡುತ್ತಿದ್ದವು. ಆ ಕಲ್ಲುಗಳಿಂದಲೇ ಹಿರಿಯರು ಊರಿಗೆ ಸ್ಟೈನ್‌ಬಾಖ್ ಎಂದು ಹೆಸರಿಟ್ಟಿದ್ದು, ಕಲ್ಲುತೊರೆ ಎಂದು. ನಮ್ಮ ಮುತ್ತಜ್ಜಂದಿರು ಜರ್ಮನಿಯಿಂದ ಹಡಗು ಹತ್ತಿ ಈ ಬರೋಸಾ ಕಣಿವೆಗೆ ಬಂದು ಎಪ್ಪತ್ತು ವರ್ಷದ ಮೇಲಾಗಿತ್ತು. ನಾವೆಲ್ಲ ಇಲ್ಲೇ ಹುಟ್ಟಿದವರು, ಇಂಗ್ಲೆಂಡಿನ ದೊರೆಯ ಪ್ರಜೆಗಳು. ಆದರೆ ಅಡುಗೆಮನೆಯಲ್ಲಿ, ಚರ್ಚಿನಲ್ಲಿ, ಹಾಲು ಕರೆಯುವಲ್ಲಿ ಆಡುತ್ತಿದ್ದುದು ಜರ್ಮನ್. ಅದನ್ನು ನಾವು ಹಾಗೆ ಕರೆಯುತ್ತಲೂ ಇರಲಿಲ್ಲ, ‘ನಮ್ಮ ಮಾತು’ ಎನ್ನುತ್ತಿದ್ದೆವು. ಇಂಗ್ಲಿಷ್ ಎಂದರೆ ಶಾಲೆಯಲ್ಲಿ ಕಲಿತದ್ದು, ಅಡಿಲೇಡಿನ ಮಾರುಕಟ್ಟೆಗೆ ಹೋಗುವಾಗ ಒಳ್ಳೆಯ ಕೋಟಿನ ಹಾಗೆ ತೊಟ್ಟುಕೊಳ್ಳುವಂಥದ್ದು.

ಆರ್ನೋನ ತಾಯಿ ಅವನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು. ತಂದೆ ಎರ್ಡ್‌ಮನ್ ಮಾವ ಚರ್ಚಿನ ಹಿರಿಯರಲ್ಲೊಬ್ಬರು. ದ್ರಾಕ್ಷಿಯ ಜೊತೆಗೆ ಕುದುರೆಗಳಿಗೆ ಲಾಳ ಕಟ್ಟುವ ಕೆಲಸವನ್ನೂ ಇಟ್ಟುಕೊಂಡಿದ್ದರು. ನಗುವುದು ಅವರಿಗೆ ಬರುತ್ತಿರಲಿಲ್ಲ, ಅಥವಾ ಹೆಂಡತಿಯ ಜೊತೆಗೇ ಹೋಗಿತ್ತು. ಮಗನಿಗೆ ನಗದೆ ಇರುವುದು ಬರುತ್ತಿರಲಿಲ್ಲ. ಬಳ್ಳಿ ಸವರಲು ಕಳಿಸಿದರೆ ಅರ್ಧ ಸಾಲು ಸವರಿ, ಕತ್ತರಿಯನ್ನು ಬೇಲಿಗೆ ಸಿಕ್ಕಿಸಿ, ಗುಡ್ಡ ಹತ್ತಿ ಕಾರ್ನೆಟ್ ಎಂಬ ಹಿತ್ತಾಳೆಯ ತುತ್ತೂರಿ ಊದುತ್ತ ಕೂರುತ್ತಿದ್ದ. ಊರಿನ ಬ್ಯಾಂಡ್‌ಸೆಟ್ಟಿನಲ್ಲಿ ಅವನೇ ಚಿಕ್ಕವನು, ಅವನೇ ಚೆನ್ನಾಗಿ ಊದುವವನು. ಸಂಜೆ ನಾನು ಹಾಲು ಕರೆಯುತ್ತಿದ್ದರೆ ಗುಡ್ಡದ ಕಡೆಯಿಂದ ಅದು ಕೇಳಿಸುತ್ತಿತ್ತು. ಅಮ್ಮ ಬಾಗಿಲಿಗೆ ಬಂದು, ಬಿಂದಿಗೆ ತುಂಬಿ ಚೆಲ್ಲುತ್ತಿದೆ, ನೋಡಬಾರದೇನೆ ಎಂದು ಬೈಯುತ್ತಿದ್ದಳು.

ಒಂದು ಸಂಜೆ ಅವನು ತೊರೆ ದಾಟಿ ನಮ್ಮ ಬೇಲಿಯ ಹತ್ತಿರ ಬಂದು ನಿಂತ. ನಾನು ಸೌತೆಕಾಯಿ ಉಪ್ಪಿನಕಾಯಿಯ ಪೀಪಾಯಿಗೆ ಸಬ್ಬಸಿಗೆ ಕಟ್ಟು ಹಾಕುತ್ತಿದ್ದೆ.

“ಟೀಲಿ, ಇಷ್ಟು ಹೊತ್ತು ಊದಿದ್ನಲ್ಲ, ಕೇಳಿಸ್ತಾ?”

“ಕೇಳಿಸ್ತು. ನಮ್ಮ ಹಸು ಹಾಲು ಇಳಿಸೋದೇ ನಿಲ್ಲಿಸಿಬಿಡ್ತು.”

“ಹಸುಗಲ್ಲ ಕಣೆ ಊದಿದ್ದು.”

ನನ್ನ ಪೂರ್ತಿ ಹೆಸರು ಓಟಿಲಿ. ಟೀಲಿ ಎಂದು ಕರೆಯುತ್ತಿದ್ದವನು ಅವನೊಬ್ಬನೇ. ಆ ವರ್ಷದ ಕ್ರಿಸ್‌ಮಸ್ಸಿಗೆ ನಿಶ್ಚಯವಾಯಿತು. ಎರ್ಡ್‌ಮನ್ ಮಾವ ಹೊಗೆಯಲ್ಲಿಟ್ಟ ಸಾಸೇಜಿನ ಮಾಲೆಯೊಂದನ್ನು ಹೊತ್ತು ನಮ್ಮ ಮನೆಗೆ ಬಂದರು. ಅವರ ಮಟ್ಟಿಗೆ ಅದು ದೊಡ್ಡ ಮಾತು.

ಅಷ್ಟು ಹೊತ್ತಿಗೆ ಇಂಗ್ಲೆಂಡಿಗೂ ಜರ್ಮನಿಗೂ ಯುದ್ಧ ಶುರುವಾಗಿ ನಾಲ್ಕೈದು ತಿಂಗಳಾಗಿತ್ತು. ಮೊದಮೊದಲು ಅದು ಬೇರೆಯವರ ಮನೆಯ ಜಗಳದ ಹಾಗಿತ್ತು. ಆಮೇಲೆ ಮಾರುಕಟ್ಟೆಯಲ್ಲಿ ನಮ್ಮ ಗಾಡಿಯ ಮುಂದೆ ಜನ ನಿಲ್ಲುವುದು ಕಡಿಮೆಯಾಯಿತು. ಚಿಕ್ಕ ಹುಡುಗರು ಹಂದಿಯ ಹಾಗೆ ಸದ್ದು ಮಾಡಿ ಓಡುತ್ತಿದ್ದರು. ಒಂದು ಬೆಳಿಗ್ಗೆ ಪೊಲೀಸರು ಬಂದು ಬ್ಯಾಂಡಿನ ಮೇಷ್ಟ್ರು ಜೆಂಚ್ ಅವರನ್ನು ಕರೆದುಕೊಂಡು ಹೋದರು. ಮುದುಕರು ನಲವತ್ತು ವರ್ಷ ಇಲ್ಲಿದ್ದರೂ ಹುಟ್ಟಿದ್ದು ಜರ್ಮನಿಯಲ್ಲಿ, ಇಲ್ಲಿಯ ಪ್ರಜೆಯೆಂದು ಕಾಗದಪತ್ರ ಮಾಡಿಸಿಕೊಂಡಿರಲಿಲ್ಲ. ಕೈದಿಗಳನ್ನಿಟ್ಟಿದ್ದ ಶಿಬಿರಕ್ಕೆ ಆರ್ನೋ ಅವರ ಕೋಟು, ಕನ್ನಡಕ ತೆಗೆದುಕೊಂಡು ಹೋದ. ಬಾಗಿಲಲ್ಲಿದ್ದ ಅಧಿಕಾರಿ ಅವನ್ನು ಇಸಿದುಕೊಂಡು, ನೋಡಲು ಬಿಡಲಿಲ್ಲವಂತೆ. ಆರ್ನೋ ಬೇಡಿಕೊಂಡನಂತೆ, ಮೇಷ್ಟ್ರು ಯಾರಿಗೂ ಕೇಡು ಬಗೆದವರಲ್ಲ, ಮಕ್ಕಳಿಗೆ ಊದುವುದು ಕಲಿಸಿದವರು ಎಂದು. ಅಧಿಕಾರಿ, ನಿಮ್ಮ ಊರಿನಿಂದ ಎಷ್ಟು ಜನ ದಂಡಿಗೆ ಸೇರಿದ್ದಾರೆ ಎಂದು ಕೇಳಿದನಂತೆ.

ವಾಪಸು ಬಂದವನು ಕೆಲವು ತಿಂಗಳು ಮಂಕಾಗಿದ್ದ. ಸಾವಿರದ ಒಂಬೈನೂರ ಹದಿನಾರನೆಯ ಇಸವಿಯ ಕೊಯ್ಲು ಮುಗಿದ ಮೇಲೆ ಯಾರಿಗೂ ಹೇಳದೆ ಅಡಿಲೇಡಿಗೆ ಹೋಗಿ ದಂಡಿಗೆ ಸೇರಿದ. ನನಗೂ ಹೇಳಿರಲಿಲ್ಲ.

ಅವನು ತಂದೆಗೆ ಹೇಳಿದ ದಿನ ನಾನು ಅಲ್ಲೇ ಇದ್ದೆ, ಸಾಸೇಜು ಅರೆಯುವ ಯಂತ್ರ ಹಿಂದಿರುಗಿಸಲು ಹೋಗಿದ್ದೆ. ಮಾವ ಕುಲುಮೆಯ ಮುಂದೆ ನಿಂತಿದ್ದರು. ಕೂಗಾಡಲಿಲ್ಲ. ಕೈಯಲ್ಲಿದ್ದ ಸುತ್ತಿಗೆಯನ್ನು ಅಡೆಗಲ್ಲಿನ ಮೇಲೆ ಇಟ್ಟರು, ಅಷ್ಟೆ.

“ನಮ್ಮಜ್ಜನ ತಮ್ಮನ ಮೊಮ್ಮಕ್ಕಳು ಆ ಕಡೆ ಇದಾರೆ,” ಎಂದರು. “ಅವರ ಮೇಲೆ ಗುಂಡು ಹಾರಿಸ್ತೀಯಾ?”

“ಗುಂಡು ಹಾರಿಸಲ್ಲ ಅಪ್ಪ. ಬ್ಯಾಂಡಿಗೆ ಸೇರ್ಕೊಂಡಿದೀನಿ.”

“ದಂಡು ಅಂದ್ರೆ ದಂಡು. ಹೋಗೋನು ಹೋಗು. ನನ್ನ ಹತ್ರ ಅಪ್ಪಣೆ ಕೇಳ್ಬೇಡ.”

“ಅಪ್ಪಣೆ ಕೇಳ್ತಿಲ್ಲ ಅಪ್ಪ, ಹೇಳ್ತಿದೀನಿ.”

ಮಾವ ಸುತ್ತಿಗೆ ಎತ್ತಿಕೊಂಡರು. ಅಲ್ಲಿಂದಾಚೆಗೆ ಮಗನ ಜೊತೆ ಮಾತಾಡಲಿಲ್ಲ.

ನನಗೆ ಬಂದದ್ದು ಬೇರೆ ಥರದ ಕೋಪ. ತೊರೆಯ ಕಲ್ಲುಗಳ ಮೇಲೆ ನಡೆದು ಬರುವಾಗ ಅವನಿಗೆ ಹೇಳಿದೆ, ಮೇಷ್ಟ್ರನ್ನು ಬಿಡಿಸೋದಕ್ಕೆ ಇನ್ಯಾರೂ ಸಿಗಲಿಲ್ಲವಾ ಎಂದು. ಅವನು ನಗಲಿಲ್ಲ. ಒಬ್ಬನಾದರೂ ಹೋಗಬೇಕು ಟೀಲಿ, ಇನ್ನೊಂದು ಸಲ ಆ ಪ್ರಶ್ನೆ ಕೇಳಿದರೆ ಹೇಳೋಕೆ ಒಂದು ಹೆಸರಾದರೂ ಇರಬೇಕು ಎಂದ. ಮೇಷ್ಟ್ರನ್ನು ಬಿಡಲಿಲ್ಲ. ಯುದ್ಧ ಮುಗಿದ ಮೇಲೆ ಹಡಗಿನಲ್ಲಿ ಜರ್ಮನಿಗೆ ಕಳಿಸಿದರು. ಅಲ್ಲಿ ಅವರನ್ನು ಬಲ್ಲವರು ಯಾರೂ ಇರಲಿಲ್ಲ.

ಹಡಗು ಹತ್ತುವ ಮುಂಚೆ ಅವನಿಗೆ ನಾಲ್ಕು ದಿನ ರಜೆ ಸಿಕ್ಕಿತು. ಅಷ್ಟರಲ್ಲಿ ಮದುವೆ ಮುಗಿಸಿಬಿಡೋಣ ಎಂದು ಇಬ್ಬರೂ ಪಾದ್ರಿಗಳ ಮನೆಗೆ ಹೋದೆವು. ಮೂರು ಭಾನುವಾರ ಚರ್ಚಿನಲ್ಲಿ ಪ್ರಕಟಣೆ ಓದದೆ ಮದುವೆ ಮಾಡಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ಪಾದ್ರಿಗಳು ಒಳ್ಳೆಯವರೇ, ಕಾಫಿ ಕೊಟ್ಟರು, ಪದ್ಧತಿ ಮಾತ್ರ ಸಡಿಲಿಸಲಿಲ್ಲ. ದಾರಿಯಲ್ಲಿ ಆರ್ನೋ, ಇಂಗ್ಲಿಷರ ದಂಡಿಗೆ ಒಂದು ಸಹಿಯಲ್ಲಿ ಸೇರಿಸಿಕೊಂಡರು, ನಿನಗೆ ಮಾತ್ರ ಮೂರು ಭಾನುವಾರ ಎಂದು ನಗಿಸಿದ.

ಹೊರಡುವ ಬೆಳಿಗ್ಗೆ ಅವರ ಮನೆಯಿಂದಲೇ ರೈಲ್ವೆ ನಿಲ್ದಾಣಕ್ಕೆ ನಡೆದೆವು. ಕುಲುಮೆಯಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಆರ್ನೋ ಅಂಗಳದಲ್ಲಿ ನಿಂತು, “ಅಪ್ಪ, ಹೊರಟೆ,” ಎಂದ. ಸದ್ದು ನಿಲ್ಲಲಿಲ್ಲ. ಹಾದಿ ತಿರುಗುವಲ್ಲಿ ನೀಲಗಿರಿ ಜಾತಿಯ ಒಂದು ದೊಡ್ಡ ಗಮ್ ಮರವಿದೆ. ಅಲ್ಲಿ ಅವನು ನಿಂತು ಮನೆಯ ಕಡೆ ನೋಡಿದ. ನಾನು ಅವನ ತೋಳು ಹಿಡಿದಿದ್ದೆ. ಒರಟು ಉಣ್ಣೆಯ ಅಂಗಿ, ಹೊಸ ಬಟ್ಟೆಯ ವಾಸನೆ. ಅವನ ವಾಸನೆಯೇ ಅದರಲ್ಲಿರಲಿಲ್ಲ.

ಅವನು ಬರೆಯುತ್ತಿದ್ದ. ಆದರೆ ಇಂಗ್ಲಿಷಿನಲ್ಲಿ. ನಮ್ಮ ಮಾತಿನಲ್ಲಿ ಬರೆದರೆ ಅಲ್ಲಿಯ ಅಧಿಕಾರಿಗಳು ಓದಿ ನೋಡಲಾಗುವುದಿಲ್ಲವೆಂದು ತಡೆದುಬಿಡುತ್ತಿದ್ದರು. ನಾವಿಬ್ಬರೂ ಜನ್ಮದಲ್ಲಿ ಇಂಗ್ಲಿಷಿನಲ್ಲಿ ಮಾತಾಡಿಕೊಂಡವರಲ್ಲ. ‘ನಾನು ಕ್ಷೇಮ. ಹವೆ ತಂಪಾಗಿದೆ. ನೀವು ಕ್ಷೇಮವೆಂದು ನಂಬುತ್ತೇನೆ.’ ಶಾಲೆಯ ಪುಸ್ತಕದ ವಾಕ್ಯಗಳು. ಯಾರೋ ಮರ್ಯಾದಸ್ಥ ಅಪರಿಚಿತ ಬರೆದ ಹಾಗೆ. ನಾನು ಹಾಲು ಕರೆಯುತ್ತ ಕೂತು ಆ ವಾಕ್ಯಗಳನ್ನು ಒಂದೊಂದಾಗಿ ನಮ್ಮ ಮಾತಿಗೆ ತಿರುಗಿಸುತ್ತಿದ್ದೆ, ಅವನಾದರೆ ಇದನ್ನು ಹೇಗೆ ಹೇಳುತ್ತಿದ್ದ ಎಂದು. ಚಳಿ ಅಂದ್ರೆ ಎಂಥ ಚಳಿ ಗೊತ್ತೇನೆ ಟೀಲಿ ಎಂದು ಒಮ್ಮೆ. ಒಮ್ಮೆ ಬೇರೆ ಥರ. ಮಾತು ಸರಿಯಾಗಿ ಕೂತಾಗ ಅವನ ಧ್ವನಿ ಒಂದು ಕ್ಷಣ ಕಿವಿಯ ಹತ್ತಿರ ಬಂದು ಹೋಗುತ್ತಿತ್ತು. ನಾನೂ ಇಂಗ್ಲಿಷಿನಲ್ಲೇ ಉತ್ತರ ಬರೆಯುತ್ತಿದ್ದೆ. ಹೇಳಬೇಕಾದ್ದು ಯಾವುದೂ ಆ ಭಾಷೆಯಲ್ಲಿ ನನಗೆ ಬರುತ್ತಿರಲಿಲ್ಲ. ಹಸು ಕರು ಹಾಕಿತು ಎಂದು ಬರೆದೆ. ಮಳೆ ಚೆನ್ನಾಗಿ ಆಯಿತು ಎಂದು ಬರೆದೆ.

ಅವನು ಹೋದ ಮರುವರ್ಷ, ಜರ್ಮನ್ ಕಲಿಸುತ್ತದೆಂದು ಚರ್ಚಿನ ಶಾಲೆಯನ್ನು ಸರ್ಕಾರ ಮುಚ್ಚಿಸಿತು. ಅಕ್ಟೋಬರಿನ ಕೊನೆಯಲ್ಲಿ, ಬಳ್ಳಿಗಳು ಚಿಗುರಿ ನಿಂತಿದ್ದಾಗ, ಪಾದ್ರಿಗಳ ಗಾಡಿ ವಾರದ ನಡುವೆ ನಮ್ಮ ಗೇಟಿನ ಮುಂದೆ ಹಾದು ತೊರೆಗಿಳಿಯಿತು. ದಂಡಿನವರು ತಂತಿ ಕಳಿಸುವುದು ಪಾದ್ರಿಗಳ ಕೈಗೆ ಎಂದು ಕಣಿವೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಒಗೆದ ಬಟ್ಟೆ ಹರವುತ್ತಿದ್ದೆ. ಬಟ್ಟೆ ಅಲ್ಲೇ ಬಿಟ್ಟು ಓಡಿದೆ. ಹೆಂಡತಿಯಾಗಿದ್ದರೆ ಗಾಡಿ ನನ್ನ ಬಾಗಿಲಲ್ಲಿ ನಿಲ್ಲುತ್ತಿತ್ತು. ಆಗಿರಲಿಲ್ಲವಲ್ಲ.

ನಾನು ತಲುಪಿದಾಗ ಮಾವ ಯಾರದೋ ಕುದುರೆಯ ಹಿಂಗಾಲನ್ನು ತೊಡೆಯ ಮೇಲಿಟ್ಟುಕೊಂಡು ಬಗ್ಗಿದ್ದರು. ಪಾದ್ರಿಗಳು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು.

“ಸ್ವಲ್ಪ ಇರಿ ಪಾದ್ರಿಗಳೇ,” ಎಂದರು ಮಾವ, ತಲೆ ಎತ್ತದೆ. “ಕಾಲು ಎತ್ಕೊಂಡಿದೀನಿ. ಅರ್ಧಕ್ಕೆ ಬಿಡೋ ಹಾಗಿಲ್ಲ.”

ಉಳಿದ ಮೊಳೆಗಳನ್ನು ಹೊಡೆದರು. ತುದಿ ಮಡಿಸಿದರು. ಅರದಿಂದ ಗೊರಸು ಉಜ್ಜಿದರು. ಅಷ್ಟು ಹೊತ್ತೂ ನಾವಿಬ್ಬರೂ ನಿಂತೇ ಇದ್ದೆವು. ಕುದುರೆಯ ಕಾಲು ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿ, “ಈಗ ಹೇಳಿ,” ಎಂದರು.

ಬೆಲ್ಜಿಯಮ್ಮಿನಲ್ಲಿ, ಯುದ್ಧದಲ್ಲಿ ಮಡಿದ ಎಂದಷ್ಟೇ ಇತ್ತು.

ನನಗೆ ವಿಧವೆಯ ಹಾಗೆ ಕಪ್ಪು ಉಡುವ ಹಕ್ಕಿರಲಿಲ್ಲ. ಶನಿವಾರ ರೊಟ್ಟಿ ಸುಡುವ ದಿನ ಎರಡು ರೊಟ್ಟಿ ಹೆಚ್ಚು ಸುಟ್ಟು ತೊರೆ ದಾಟಿ ಮಾವನಿಗೆ ಕೊಟ್ಟು ಬರಲು ಶುರುಮಾಡಿದೆ. ಅವರು ತೆಗೆದುಕೊಳ್ಳುತ್ತಿದ್ದರು, ಕೂತುಕೋ ಎನ್ನುತ್ತಿದ್ದರು. ಆರ್ನೋನ ಹೆಸರನ್ನು ಮಾತ್ರ ಎತ್ತುವ ಹಾಗಿರಲಿಲ್ಲ. ಅವನ ಕೋಣೆಯ ಬಾಗಿಲು ಹಾಕಿರುತ್ತಿತ್ತು. ಒಮ್ಮೆ ಅವರು ತೋಟದಲ್ಲಿದ್ದಾಗ ಒಳಗೆ ಹೋಗಿ ಅವನ ಹಳೆಯ ಕೆಲಸದ ಕೋಟಿಗೆ ಮುಖ ಒತ್ತಿದೆ. ಬಳ್ಳಿಗೆ ಎರಚುವ ಗಂಧಕದ ಪುಡಿ, ಬೆವರು, ಹಿತ್ತಾಳೆ ಉಜ್ಜುವ ಎಣ್ಣೆ. ಅವನು ಇನ್ನೂ ಅಲ್ಲಿದ್ದ. ಮುಂದಿನ ಬೇಸಿಗೆಯ ಹೊತ್ತಿಗೆ ಬರೀ ಗಂಧಕ ಉಳಿದಿತ್ತು.

ಅಷ್ಟರಲ್ಲಿ ಸರ್ಕಾರ ಕಣಿವೆಯ ಊರುಗಳ ಹೆಸರು ಬದಲಾಯಿಸಿತು. ನಮ್ಮ ಊರಿಗೆ ಯಾವನೋ ಸೇನಾಪತಿಯ ಹೆಸರು ಬಂತು. ಮುಂದೆ ಮಡಿದವರಿಗೆಂದು ಕಲ್ಲು ನೆಟ್ಟಾಗ ಆರ್ನೋನ ಹೆಸರಿನ ಮೇಲ್ಗಡೆ ಊರಿನ ಆ ಹೊಸ ಹೆಸರನ್ನೇ ಕೆತ್ತಿದರು. ಅಂಥ ಊರಿಗೆ ಅವನು ಕಾಲಿಟ್ಟವನೇ ಅಲ್ಲ.

ಯುದ್ಧ ಮುಗಿದ ಎರಡನೆಯ ಕೊಯ್ಲಿನಲ್ಲಿ, ಬೆನ್ನ ಮೇಲೆ ಕಂಬಳಿಯ ಸುರುಳಿ ಹೊತ್ತು ಒಬ್ಬ ಉದ್ದನೆಯ ಮನುಷ್ಯ ನಮ್ಮ ಗೇಟಿಗೆ ಬಂದ. ಒಂದು ಕಿವಿಯ ಅರ್ಧ ಇರಲಿಲ್ಲ. ಇಂಗ್ಲಿಷ್ ಮಾತಿನವನು. ಅಂಥವರು ಬಂದರೆ ಕಣಿವೆಯ ಜನ ಆಗ ಬಾಗಿಲು ಹಾಕಿಕೊಳ್ಳುತ್ತಿದ್ದರು.

“ಟೀಲಿ ಅನ್ನೋರು ನೀವೇನಾ?” ಎಂದ.

ಮೂರೂವರೆ ವರ್ಷದಿಂದ ಆ ಹೆಸರು ಯಾರ ಬಾಯಲ್ಲೂ ಕೇಳಿರಲಿಲ್ಲ. ಬೇಲಿಯ ಕಂಬ ಹಿಡಿದುಕೊಂಡೆ.

ಅವನ ಹೆಸರು ಡೆನಿಸ್ ರಾಫರ್ಟಿ. ಕುರಿಯ ಉಣ್ಣೆ ಕತ್ತರಿಸುವವನು, ಉತ್ತರದ ಒಣ ಸೀಮೆಯವನು. ಆರ್ನೋನ ಜೊತೆ ಒಂದೇ ಸ್ಟ್ರೆಚರ್ ಹೊತ್ತವನು. ಬ್ಯಾಂಡಿನವರೆಂದರೆ ಕಾದಾಟ ಶುರುವಾದ ಕೂಡಲೆ ವಾದ್ಯ ಕೆಳಗಿಟ್ಟು ಗಾಯಾಳುಗಳನ್ನು ಹೊರಬೇಕು ಎಂದು ನಮಗೆ ಗೊತ್ತಾದದ್ದು ಅವನಿಂದಲೇ. ಆರ್ನೋ ಬರೆದಿರಲಿಲ್ಲ. ರಾಫರ್ಟಿ ಬಾರಿಸುತ್ತಿದ್ದುದು ದೊಡ್ಡ ಡೋಲು.

ಆರ್ನೋ ಹೇಗೆ ಸತ್ತನೆಂದು ಬಂದ ಕೂಡಲೆ ಹೇಳಲು ಅವನಿಂದಾಗಲಿಲ್ಲ. ಕೊಯ್ಲಿಗೆ ಆಳು ಬೇಕೇ ಎಂದು ಕೇಳಿ ನಮ್ಮಲ್ಲೇ ಉಳಿದ. ದ್ರಾಕ್ಷಿ ಕೊಯ್ಯುವುದು ಅವನಿಗೆ ಸುತರಾಂ ಬರುತ್ತಿರಲಿಲ್ಲ. ಗೊಂಚಲಿನ ಜೊತೆ ಎಲೆ, ಕಡ್ಡಿ, ಒಮ್ಮೆ ತನ್ನ ಹೆಬ್ಬೆರಳು. ಕುರಿಯಾದರೆ ತಾನೇ ತಿರುಗುತ್ತೆ, ಈ ಬಳ್ಳಿ ಒಂದಿಂಚೂ ಸರಿಯಲ್ಲ ಎಂದು ಗೊಣಗುತ್ತಿದ್ದ. ಅಮ್ಮನಿಗೆ ಅವನ ಭಾಷೆ ಅರ್ಧ ತಿಳಿಯದಿದ್ದರೂ ತಟ್ಟೆಗೆ ಎರಡು ಸಲ ಬಡಿಸುತ್ತಿದ್ದಳು. ಕೊಯ್ಲು ಇನ್ನೇನು ಮುಗಿಯುತ್ತದೆ ಎನ್ನುವಾಗ ಒಂದು ಮಧ್ಯಾಹ್ನ ಬಳ್ಳಿಸಾಲಿನ ನೆರಳಲ್ಲಿ, ಬುಟ್ಟಿ ಬೋರಲು ಹಾಕಿ ಕೂತು ಹೇಳಿದ.

ಅಲ್ಲಿ ಮಳೆ ಬಿಟ್ಟಿರಲಿಲ್ಲವಂತೆ. ಮೊಣಕಾಲಿಗೆ ಕೆಸರು, ಒಬ್ಬನನ್ನು ಹೊರಲು ನಾಲ್ಕು ಜನ ಸಾಲದು. ಬೆಳಗಿನಿಂದ ನಮ್ಮ ಕಡೆಯವರನ್ನು ಹೊತ್ತು ಹಾಕುತ್ತಿದ್ದರು. ಒಂದು ಗುಂಡಿಯಲ್ಲಿ ಜರ್ಮನ್ ಹುಡುಗನೊಬ್ಬ ಬಿದ್ದಿದ್ದ, ತೊಡೆ ಒಡೆದುಹೋಗಿತ್ತು. ಪ್ರತಿ ಸಲ ಹಾಯುವಾಗಲೂ ಆರ್ನೋ ಅವನ ಹತ್ತಿರ ಬಗ್ಗಿ ಏನೋ ಹೇಳಿ ಬರುತ್ತಿದ್ದ. ಸಂಜೆಗೆ ತಮ್ಮವರೆಲ್ಲ ಮುಗಿದಾಗ, ಈಗ ಅವನನ್ನು ತರೋಣ ಎಂದ. ಮಿಕ್ಕವರು ಬಸವಳಿದು ಕೂತುಬಿಟ್ಟಿದ್ದರು.

“ನಾನು ಬೈದೆ,” ಎಂದ ರಾಫರ್ಟಿ. “ಬಾಯಿಗೆ ಬಂದ ಹಾಗೆ ಬೈದೆ. ನಿನ್ನ ಚಿಕ್ಕಪ್ಪನ ಮಗನೇನೋ ಅಂದೆ. ಇರಬಹುದು, ಯಾರಿಗ್ಗೊತ್ತು ಅಂದ. ನಗ್ತಾನೇ ಅಂದ. ಆಮೇಲೆ ಇಬ್ಬರೂ ಹೋದ್ವಿ.”

ಹುಡುಗನನ್ನು ಎತ್ತಿ ಮಲಗಿಸಿದರು. ಆರ್ನೋ ಮುಂದೆ, ರಾಫರ್ಟಿ ಹಿಂದೆ. ಹುಡುಗ ಕಿರುಚುತ್ತಿದ್ದ. ಆರ್ನೋ ದಾರಿಯುದ್ದಕ್ಕೂ ಅವನ ಜೊತೆ ಮಾತಾಡುತ್ತಲೇ ಬಂದ. ಅರೆಬೆಳಕು, ಮಂಜು. ನಮ್ಮವರ ಕಂದಕ ಇನ್ನೇನು ಸಿಗುತ್ತದೆ ಎನ್ನುವಾಗ ಒಂದೇ ಒಂದು ಗುಂಡು.

ಯಾವ ಕಡೆಯಿಂದ ಎಂದು ಕೇಳಿದೆ.

“ಕತ್ತಲಾಗ್ತಿತ್ತು. ಜರ್ಮನ್ ಮಾತು ಕೇಳಿಸ್ತಾ ಇತ್ತು. ಎರಡೂ ಕಡೆಯೋರಿಗೂ ಭಯ,” ಎಂದ. “ನನಗೆ ಗೊತ್ತಿಲ್ಲ ಟೀಲಿ. ಗೊತ್ತಿದ್ದಿದ್ರೂ ನಿನಗೆ ಹೇಳ್ತಿರಲಿಲ್ಲ.”

ಆರ್ನೋ ತಕ್ಷಣ ಸಾಯಲಿಲ್ಲ. ಸ್ವಲ್ಪ ಹೊತ್ತು ಕೆಸರಿನಲ್ಲಿ ರಾಫರ್ಟಿಯ ತೋಳಿನ ಮೇಲಿದ್ದ. ಏನೋ ಹೇಳುತ್ತಿದ್ದ. ಇಂಗ್ಲಿಷಿನಲ್ಲಲ್ಲ.

“ಏನು ಹೇಳ್ದ?”

“ನನಗೆ ನಿಮ್ಮ ಭಾಷೆ ಬರಲ್ಲವಲ್ಲ.”

“ಸದ್ದಾದರೂ ನೆನಪಿಲ್ವಾ? ಹಾಗೇ ಹೇಳು. ತಪ್ಪಾದ್ರೂ ಪರವಾಗಿಲ್ಲ.”

ಅವನು ಕಣ್ಣು ಮುಚ್ಚಿದ. ತುಟಿ ಎರಡು ಮೂರು ಸಲ ಅಲ್ಲಾಡಿತು. “ಗ್ಲೈಕ್,” ಎಂದ. “ಗ್ಲೈಕ್, ಗ್ಲೈಕ್. ಆ ಹುಡುಗನಿಗೂ ಅದನ್ನೇ ಹೇಳ್ತಾ ಬಂದಿದ್ದ. ಕೊನೆಗೂ ಅದೇ.”

ಗ್ಲೈಖ್. ಈಗಾಯ್ತು, ಇನ್ನೇನು ಆಗೇ ಹೋಯ್ತು ಎಂದು ಅದರ ಅರ್ಥ. ಎಲ್ಲರೂ ಆಡುವ ಮಾತೇ. ಆದರೆ ಹೀಗೆ ಎರಡೆರಡು ಸಲ, ಮೆತ್ತಗೆ, ಹೇಳುತ್ತಿದ್ದವರು ಒಬ್ಬರೇ. ಬೆದರಿದ ಕುದುರೆಯ ಕಾಲೆತ್ತಿ ಮೊಳೆ ಹೊಡೆಯುವಾಗ ಎರ್ಡ್‌ಮನ್ ಮಾವ ಹಾಗೆ ಹೇಳುತ್ತಿದ್ದರು.

“ನನ್ನ ಹೆಸರು ಹೇಳ್ದನಾ?” ಎಂದು ಕೇಳಿದೆ. ಕೇಳದೆ ಇರಲಾಗಲಿಲ್ಲ.

ರಾಫರ್ಟಿ ನನ್ನ ಮುಖ ನೋಡಿದ. ಹೌದು ಎಂದಿದ್ದರೆ ಅವನದೇನೂ ಹೋಗುತ್ತಿರಲಿಲ್ಲ. “ಇಲ್ಲ,” ಎಂದ. “ಬೇರೆ ದಿನ ಎಲ್ಲ ಹೇಳ್ತಿದ್ದ. ಅದಕ್ಕೇ ನನಗೆ ಗೊತ್ತು. ಅವತ್ತು ಹೇಳಲಿಲ್ಲ.”

ಎದ್ದು ಬುಟ್ಟಿ ತೆಗೆದುಕೊಂಡು ಸಾಲಿನ ಕೊನೆಯವರೆಗೂ ಕೊಯ್ದೆ. ಅವನು ಸುಳ್ಳು ಹೇಳಲಿಲ್ಲವಲ್ಲ ಎಂದು ಸಮಾಧಾನವೂ ಆಯಿತು, ಹೇಳಿದ್ದರೇನಾಗುತ್ತಿತ್ತು ಎಂದು ಎಷ್ಟೋ ವರ್ಷ ಅವನ ಮೇಲೆ ಸಿಟ್ಟೂ ಇತ್ತು.

ಸಂಜೆ ತೊರೆ ದಾಟಿ ಹೋಗಿ ಮಾವನಿಗೆ ಎಲ್ಲ ಹೇಳಿದೆ. ಆರ್ನೋನ ಹೆಸರೆತ್ತಿದಾಗ ಅವರು ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ. ಹೋಗಲಿಲ್ಲ. ಗ್ಲೈಖ್ ಎಂಬ ಆ ಮಾತು ಹೇಳಿದಾಗ ಕುರ್ಚಿಯ ತೋಳು ಹಿಡಿದು ಕೂತರು. ಆ ಮನುಷ್ಯನನ್ನು ನಾಳೆ ಊಟಕ್ಕೆ ಕರೆದುಕೊಂಡು ಬಾ ಎಂದರು.

ಮಾವನ ಇಂಗ್ಲಿಷು ಸಂತೆಯ ಇಂಗ್ಲಿಷು. ನಡುವೆ ಕೂತು ಇಬ್ಬರ ಮಾತನ್ನೂ ದಾಟಿಸಿದೆ. ಅರ್ಧ ಊಟವಾದ ಮೇಲೆ ಮಾವ ಫೋರ್ಕು ಕೆಳಗಿಟ್ಟು, “ಅವನು ಯಾರ ಮೇಲಾದ್ರೂ ಗುಂಡು ಹಾರಿಸಿದ್ನಾ, ಕೇಳು,” ಎಂದರು.

ರಾಫರ್ಟಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಅವನ ಹತ್ರ ಬಂದೂಕೇ ಇರಲಿಲ್ಲ. ಎರಡು ಕೈಲೂ ಸ್ಟ್ರೆಚರ್ ಹಿಡಿದೋನು ಬಂದೂಕು ಎಲ್ಲಿ ಹಿಡೀತಾನೆ?”

ನಾನು ದಾಟಿಸಿದೆ. ಮಾವ ಮತ್ತೆ ಕೇಳಿದರು, ಆ ಹುಡುಗ ಏನಾದ ಎಂದು. ಅವನನ್ನು ಬೆನ್ನ ಮೇಲೆ ಹಾಕಿಕೊಂಡು ರಾಫರ್ಟಿ ಡಾಕ್ಟರ ಹತ್ತಿರ ಮುಟ್ಟಿಸಿದ್ದ, ಅಲ್ಲಿಯವರೆಗೂ ಬದುಕಿದ್ದ. ಆಮೇಲೆ ತಿಳಿಯದು. ಆರ್ನೋನನ್ನು ದಾರಿಯ ಪಕ್ಕ ಹೂತರು. ಮುಂದಿನ ವಸಂತದಲ್ಲಿ ಆ ನೆಲ ಮತ್ತೆ ಫಿರಂಗಿಯ ಗುಂಡುಗಳಿಗೆ ಸಿಕ್ಕಿ, ಗೋರಿಯ ಗುರುತು ಹೋಯಿತು.

ಮಾವ ನನ್ನ ಕಡೆ ತಿರುಗಿದರು. ಇದನ್ನು ರಾಫರ್ಟಿಗೆ ದಾಟಿಸುವ ಅಗತ್ಯವಿರಲಿಲ್ಲ.

“ಅವತ್ತು ಹೊರಟಾಗ, ಮರದ ಹತ್ರ, ತಿರುಗಿ ನೋಡಿದ್ನಾ?”

“ನೋಡಿದ ಮಾವ. ನಿಂತು ನೋಡಿದ.”

“ಕಿಟಕಿಯಿಂದ ಕಾಣಿಸ್ತಿತ್ತು,” ಎಂದರು. “ನೀನು ಅಡ್ಡ ಇದ್ದೆ. ಅದಕ್ಕೆ ಸರಿಯಾಗಿ ಗೊತ್ತಾಗಲಿಲ್ಲ.”

ಹಾಗಾದರೆ ಅಷ್ಟು ಹೊತ್ತಿಗೆ ಸುತ್ತಿಗೆ ಕೆಳಗಿಟ್ಟಿದ್ದರು. ಸದ್ದು ಯಾವಾಗ ನಿಂತಿತೆಂದು ನಾವಿಬ್ಬರೂ ಗಮನಿಸಿರಲಿಲ್ಲ. ಮಾವ ಎದ್ದು ರಾಫರ್ಟಿಯ ತಟ್ಟೆಗೆ ಇನ್ನಷ್ಟು ಮಾಂಸ ಬಡಿಸಿದರು. ಅವನು ಬೇಡವೆಂದ. ಮಾವ ಬಡಿಸುತ್ತಲೇ ಇದ್ದರು.

ರಾಫರ್ಟಿ ಉಣ್ಣೆ ಕತ್ತರಿಸುವ ಕಾಲಕ್ಕೆ ಉತ್ತರಕ್ಕೆ ಹೋದ. ಕೆಲವು ವರ್ಷ ಕ್ರಿಸ್‌ಮಸ್ಸಿಗೆ ಕಾರ್ಡು ಬರುತ್ತಿತ್ತು, ಆಮೇಲೆ ಬರಲಿಲ್ಲ. ನಾನು ಮೂವತ್ತರ ಹತ್ತಿರ ಬ್ರೂನೋ ನೋಸ್ಕೆಯನ್ನು ಮದುವೆಯಾದೆ. ಹೆಂಡತಿ ಸತ್ತವನು, ಪೀಪಾಯಿ ಮಾಡುವವನು, ಒಳ್ಳೆಯವನು. ಆರ್ನೋನ ವಿಷಯ ಅವನಿಗೆ ಗೊತ್ತಿತ್ತು, ಅವನ ಮೊದಲ ಹೆಂಡತಿಯ ವಿಷಯ ನನಗೆ. ನಾಲ್ಕು ಮಕ್ಕಳಾದವು. ಮದುವೆಯಾದ ಮೇಲೂ ಶನಿವಾರದ ರೊಟ್ಟಿ ತೊರೆಯಾಚೆಗೆ ಹೋಗುವುದು ನಿಲ್ಲಲಿಲ್ಲ. ಕೊನೆಯ ವರ್ಷಗಳಲ್ಲಿ ಮಾವ ಆರ್ನೋನ ಬಾಲ್ಯದ ಕಥೆಗಳನ್ನು ತಾವಾಗಿಯೇ ಹೇಳುತ್ತಿದ್ದರು. ದ್ರಾಕ್ಷಾರಸದ ತೊಟ್ಟಿಗೆ ಬಿದ್ದದ್ದು, ಪಾದ್ರಿಗಳ ಮೇಕೆಗೆ ಟೋಪಿ ಹಾಕಿದ್ದು. ಕೇಳುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಈಗ ನನಗೆ ಅರವತ್ತಾರು. ಬ್ರೂನೋನೂ ಇಲ್ಲ. ಮಕ್ಕಳು ಇಂಗ್ಲಿಷಿನಲ್ಲೇ ಬೆಳೆದರು, ಎರಡನೆಯ ಯುದ್ಧ ಬಂದಾಗ ನಾವೇ ಮನೆಯಲ್ಲಿ ನಮ್ಮ ಮಾತು ನಿಲ್ಲಿಸಿಬಿಟ್ಟೆವು. ಮೊಮ್ಮಕ್ಕಳಿಗೆ ಒಂದು ಪದವೂ ಬಾರದು. ಒಬ್ಬಳೇ ಇದ್ದಾಗ ಹಸುವಿನ ಜೊತೆ ಆಡಿಕೊಳ್ಳುತ್ತೇನೆ.

ಆರ್ನೋನ ಮುಖ ನನಗೆ ಇನ್ನೂ ಸ್ಪಷ್ಟವಾಗಿದೆ, ಧ್ವನಿ ಮಾತ್ರ ಹೋಗಿಬಿಟ್ಟಿದೆ. ನನ್ನ ಕಿರಿಯ ಮಗನಿಗಿಂತಲೂ ಅವನು ಈಗ ಎಷ್ಟೋ ಚಿಕ್ಕವನು. ಮೊದಲೆಲ್ಲ ಅವನು ತೊರೆ ದಾಟಿ ಬರುತ್ತಾನೆಂದು ಊಹಿಸಿಕೊಂಡರೆ ತಲೆಗೂದಲು ಸರಿಮಾಡಿಕೊಳ್ಳುತ್ತಿದ್ದೆ. ಈಗ ಮೊದಲು ಹೊಳೆಯುವುದು, ಎಷ್ಟು ಸೊರಗಿದ್ದಾನೆ, ಒದ್ದೆ ಬಟ್ಟೆ ಬಿಚ್ಚಿಸಿ ಒಲೆಯ ಹತ್ತಿರ ಕೂರಿಸಿ ಏನಾದರೂ ಬಡಿಸಬೇಕು ಎಂದು. ಅವನು ಉಂಡು ಮುಗಿಸುವವರೆಗೂ ನಾನು ಯಾರೆಂದು ಹೇಳುವುದಿಲ್ಲ. ಈ ಮುದುಕಿ ಯಾರೆಂದು ಅವನು ನೋಡುತ್ತಲೇ ಇರಲಿ.